ಪ್ರಜ್ಞೆಯಿಲ್ಲದ ರೋಗಿಯ ಪಾತ್ರ

ಎಕ್ಸ್‌ರೇ ಯಂತ್ರದ ರಿಪೇರಿಗೆಂದು ಮಂಗಳೂರಿನ ಸಣ್ಣ ಆಸ್ಪತ್ರೆಯೊಂದಕ್ಕೆ ಹೋದವನು ಕರೆಂಟು ಬರುವುದನ್ನು ಕಾಯುತ್ತಿದ್ದೆ. ಅಲ್ಲಿ ತರಬೇತಿಗಿದ್ದ ಲಿಲ್ಲಿ ಎಂಬ ಹುಡುಗಿ ಬಂದು, ನಾಳೆ ತನಗೆ ನರ್ಸ್ ಸಹಾಯಕಿಯ ಪರೀಕ್ಷೆ, ಅಭ್ಯಾಸಕ್ಕೆ ಪ್ರಜ್ಞೆಯಿಲ್ಲದ ರೋಗಿಯಾಗಿ ಸ್ವಲ್ಪ ಮಲಗುತ್ತೀರಾ ಎಂದು ಕೇಳಿದಳು. ಮಲಗಿದವನ ಅಡಿಯ ಚಾದರ ಬದಲಿಸಬೇಕಿತ್ತು. ಸಂಕೋಚದಿಂದ ನಾನೇ ಸೊಂಟ ಎತ್ತಿಕೊಟ್ಟೆ.

“ಪ್ರಜ್ಞೆ ಇಲ್ಲದವರು ಹೀಗೆ ಎತ್ತಿಕೊಡುವುದುಂಟಾ ಸರ್? ಸುಮ್ಮನೆ ಮಲಗಿ.”

ಮಲಗಿದೆ. ಅವಳು ಕಿವಿಯ ಹತ್ತಿರ ಬಗ್ಗಿ, “ಈಗ ಎಡಕ್ಕೆ ತಿರುಗಿಸ್ತೇನೆ, ಹೆದರಬೇಡಿ” ಎಂದಳು.

“ಪ್ರಜ್ಞೆ ಇಲ್ಲದವನಿಗೆ ಹೇಳುವುದು ಎಂತಕ್ಕೆ?”

“ಕೇಳಿಸಿದರೆ? ಕಳೆದ ಸಲ ಹೇಳದೆ ತಿರುಗಿಸಿದೆ, ಫೇಲ್ ಮಾಡಿದರು. ಇನ್ನೊಮ್ಮೆ ಫೇಲಾದರೆ ಮನೆಗೆ ಕಳಿಸ್ತಾರೆ. ನೀವು ಮಾತಾಡಬೇಡಿ ಮಾರಾಯ್ರೆ!”

ಮರುದಿನ ಸಂಜೆ ನಾನು ರಿಪೇರಿ ಮುಗಿಸಿ ಹೊರಡುವಾಗ, ಪಾಸಾದೆ ಎಂದು ಅವಳೇ ಬಂದು ಹೇಳಿದಳು. ಪೂರ್ತಿ ಎಚ್ಚರವಿದ್ದ ನನ್ನನ್ನು ಕಂಪನಿಯವರು ಎಷ್ಟೋ ಸಲ ಊರಿಂದೂರಿಗೆ ವರ್ಗ ಮಾಡಿದ್ದಾರೆ. ಮೊದಲೇ ತಿಳಿಸಿದ್ದು ಒಮ್ಮೆಯೂ ಇಲ್ಲ.