ದರ್ಜಿಯ ಮನೆಯ ಧರ್ಮ

ಸಿರುಗುಪ್ಪದ ನಮ್ಮ ಓಣಿಯ ದರ್ಜಿ, ಗಿರಾಕಿಯ ಎದೆಗೆ ಟೇಪು ಸುತ್ತುವಾಗಲೂ "ದೇವ್ರು ಇಲ್ರಿ, ಉಸುರು ಬಿಡ್ರಿ" ಎನ್ನುತ್ತಿದ್ದರು. ಶಾಲೆಯ ಮಾಸ್ತರನಾದ ನಾನು ಜನಗಣತಿಗೆಂದು ಅವರ ಮನೆಗೂ ಹೋದೆ.

"ಧರ್ಮ?" ಎಂದೆ.

"ಇಲ್ಲ ಅಂತ ಬರೀರಿ ಮಾಸ್ತರ್."

ಬರೆದೆ. ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅವರ ಹೆಂಡತಿ, "ನಂದೂ ಗಂಡಂದ ಬರೀರಿ" ಎಂದರು.

ದರ್ಜಿ ಹೌಹಾರಿದರು. "ದಿನಾ ಪೂಜಿ ಮಾಡ್ತಿಯಲ್ಲ!"

"ಪೂಜಿ ನಂದು, ಧರ್ಮ ನಿಮ್ದು."

ಜಪಮಣಿ ಎಣಿಸುತ್ತ ಕೂತಿದ್ದ ದರ್ಜಿಯ ತಾಯಿಯೂ, "ನಂದೂ ಮಗಂದ ಬರ್ಕೊಳ್ಳಪ್ಪ" ಎಂದರು.

ದರ್ಜಿ ನನ್ನ ಕೈ ಹಿಡಿದುಕೊಂಡರು. "ಮೂರು ಮಂದಿ ಆದ್ವಲ್ರಿ! ಹಿಂಗಾದ್ರ ಇದೂ ಒಂದು ಮತ ಆಗಿಬಿಡತೈತಿ. ನಂದು ಹೊಡದ ಹಾಕಿ ಹಿಂದೂ ಅಂತ ಬರೀರಿ."

ತಿದ್ದಿದೆ. ಹೆಂಗಸರದ್ದನ್ನೂ ತಿದ್ದಲೇ ಎಂದು ಕೇಳಿದೆ.

"ಬ್ಯಾಡ್ರಿ," ಎಂದರು ಹೆಂಡತಿ, "ಹಿಡಿದ ಧರ್ಮ ಬಿಟ್ರ ದೇವ್ರು ಮೆಚ್ಚತಾನೇನ್ರಿ?"