ಇಡಗುಂಜಿಯಿಂದ ಬಂದ ಪಾಸ್‌ವರ್ಡು

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಕ್ಯಾಲೆಂಡರು ತೂಗುತ್ತದೆ. ಹಾಲಿನವನು ಬಾರದ ದಿನ, ಗ್ಯಾಸು ಬಂದ ತಾರೀಕು, ಏಕಾದಶಿ ಇವೆಲ್ಲದರ ನಡುವೆ ಕಳೆದ ವರ್ಷದವರೆಗೂ ಅದರ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಮನೆಯ ಇಂಟರ್ನೆಟ್ಟಿನ ಪಾಸ್‌ವರ್ಡೂ ಇತ್ತು. ಗುಟ್ಟೆಂದರೆ ಮರೆಯದಂತೆ ಬರೆದಿಡಬೇಕಾದ ವಸ್ತುವೆಂದೇ ನಾನು ತಿಳಿದಿದ್ದೆ, ಗೆಳೆಯರೇ. ಸಕ್ಕರೆ ಕೇಳಲು ಬಂದವರು ಸಕ್ಕರೆಯ ಜೊತೆಗೆ ಅದನ್ನೂ ಒಯ್ದರು. ಹೊನ್ನಾವರದ ನಮ್ಮ ಕೇರಿಯವರು ಸಂಜೆ ಕಟ್ಟೆಯ ಮೇಲೆ ಕೂತು, "ಮಾಸ್ತರ್ರೇ, ನಿಮ್ಮ ನೆಟ್ಟು ಇವತ್ತು ಬಾಳ ನಿಧಾನ, ಎಂತ ಆತು?" ಎಂದು ಗದರುವಷ್ಟು ಅದು ಸಾರ್ವಜನಿಕವಾಗಿತ್ತು. ನಾನೂ ತಪ್ಪಾಯಿತೆಂದು ಕ್ಷಮೆ ಕೇಳುತ್ತಿದ್ದೆ.

ಹೊಸ ಫೈಬರ್ ಲೈನು ಎಳೆಯಲು ಭಟ್ಕಳದಿಂದ ಇರ್ಫಾನ್ ಬಂದ. ಕುಮಟೆಯ ಹೈಸ್ಕೂಲಿನಲ್ಲಿ ಪಾಠ ಮಾಡುವ ನಾನು ಅಲ್ಲಿಂದಲೇ ಮನೆಯ ಕಂಪ್ಯೂಟರನ್ನು ತೆರೆಯುವಂತೆ ಮಾಡಿಕೊಡಲು ಅವನಿಗೆ ಹೇಳಿದ್ದೆ. ಎಲ್ಲ ಜೋಡಿಸಿ ನೀರು ಕುಡಿಯಲು ಒಳಬಂದವನ ಕಣ್ಣಿಗೆ ಕ್ಯಾಲೆಂಡರು ಬಿತ್ತು. "ಸರ್, ಇದು ಪಾಸ್‌ವರ್ಡ್ ಅಲ್ಲ, ಬೋರ್ಡು" ಎಂದ. ಆಮೇಲೆ, ಇಂಥ ಜವಾಬ್ದಾರಿ ಬಾಯಿ ಬಿಗಿಯಿರುವವರ ಕೈಲಿರಬೇಕೆಂದು ತೀರ್ಮಾನಿಸಿ ನನ್ನನ್ನು ದಾಟಿ ನನ್ನ ಹೆಂಡತಿ ನಾಗವೇಣಿಯ ಕಡೆ ತಿರುಗಿದ. "ಅಕ್ಕಾ, ನೆಟ್ಟಿಗೂ ಕಂಪ್ಯೂಟರಿಗೂ ಏನೇ ಆದ್ರೂ ನಿಮ್ಮ ಬಾಯಿಂದ ಹೊರಗೆ ಬರದಂಥದ್ದು ಒಂದು ಇಡಿ. ಸರ್‌ಗೂ ಹೇಳ್ಬೇಡಿ. ಐದು ಸಲ ತಪ್ಪಿದ್ರೆ ಇಡೀ ದಿನ ಬಂದ್."

ನಾಗವೇಣಿ ಕ್ಷಣವೂ ಯೋಚಿಸಲಿಲ್ಲ. ನನಗೆ ಬೆನ್ನು ಮಾಡಿ ಟಕಟಕ ಕುಟ್ಟಿದಳು, ನನ್ನ ಲ್ಯಾಪ್‌ಟಾಪಿಗೂ ತಾನೇ ಒಮ್ಮೆ ಅದನ್ನು ಉಣಿಸಿಕೊಟ್ಟಳು. ಅಂದಿನಿಂದ ನಾನು ಕೀಲಿಕೈಯ ಗುರುತೇ ಇಲ್ಲದೆ ಕುಮಟೆಯಿಂದ ನನ್ನ ಮನೆಯೊಳಗೆ ಹೋಗಿಬಂದು ಮಾಡತೊಡಗಿದೆ. ಯಜಮಾನನೆಂಬವನು ಬಹಳ ಮನೆಗಳಲ್ಲಿ ಹೀಗೇ ಇರುತ್ತಾನಲ್ಲ, ನಾನೂ ಅದನ್ನು ವಿಚಿತ್ರವೆಂದು ಎಣಿಸಲಿಲ್ಲ.

ವಿಚಿತ್ರವೆನಿಸಿದ್ದು ಆ ಮಂಗಳವಾರ. ನಮ್ಮ ಶಾಲೆಯ ಆರು ಹುಡುಗಿಯರು, ಅಜ್ಜಿಯಂದಿರ ಬಾಯಿಂದ ನಾಟಿಯ ಹಾಡು ಕಲಿತು, ಜಿಲ್ಲಾ ಸ್ಪರ್ಧೆಗೆಂದು ಎರಡು ತಿಂಗಳಿಂದ ಗಂಟಲು ಸವೆಸಿದ್ದರು. ಅವರ ವಯಸ್ಸಿನ ದಾಖಲೆಗಳನ್ನು ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು, ಇಲ್ಲದಿದ್ದರೆ ಹಾಡಲು ವೇದಿಕೆಯಿಲ್ಲ. ದಾಖಲೆಗಳಿದ್ದದ್ದು ನನ್ನ ಮನೆಯ ಕಂಪ್ಯೂಟರಿನಲ್ಲಿ. ನನ್ನ ಲ್ಯಾಪ್‌ಟಾಪು ಅಂದೇ ಕಣ್ಣು ತೆರೆಯಲಿಲ್ಲ, ಶಾಲೆಯ ಕಂಪ್ಯೂಟರು ಪಾಸ್‌ವರ್ಡ್ ಕೊಡು ಎಂದಿತು. ನಾಗವೇಣಿ ಮನೆಗೆ ಬೀಗ ಹಾಕಿ ತಂಗಿಯೊಡನೆ ಇಡಗುಂಜಿಯ ದೇವಸ್ಥಾನಕ್ಕೆ ಹೋಗಿದ್ದಳು. ಹೆಂಡತಿಯ ಮನಸ್ಸು ನನಗೆ ತಿಳಿಯದ್ದೇ ಎಂಬ ಹುಂಬತನದಿಂದ ನಾನೇ ಊಹಿಸಿದೆ: ಅವಳ ತವರು ಕತಗಾಲ, ಮಗಳ ಹೆಸರು, ಬೆಕ್ಕಿನ ಹೆಸರು, ಅವಳಿಗೆ ಪ್ರಿಯವಾದ ಸೀರೆಯಂಗಡಿಯ ಹೆಸರು. ನಾಲ್ಕೂ ತಪ್ಪಾದವು. ಆರೂ ಹುಡುಗಿಯರು ಕಿಟಕಿಯಾಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಫೋನು ಮಾಡಿ ಪಾಸ್‌ವರ್ಡ್ ಏನೆಂದು ಕೇಳಿದೆ. ಗಂಟೆಗಳ ಸದ್ದಿನ ನಡುವೆ ಅವಳ ದನಿ ಬಂತು.

"ಕೊನೆಗೆ ನಮ್ಮ ಮದುವೆ ಇಸವಿ ಇದೆ. ಮೊದ್ಲಿಂದು ನಂಗೆ ಹೇಳೂಕಾಗೂದಿಲ್ಲ."

"ಇರ್ಫಾನ್ ಹೇಳಿದ್ದು ಹೋಗ್ಲಿ, ಹೇಳೇ ಮಾರಾಯ್ತಿ!"

"ಅವ್ರು ಹೇಳಿದ್ರು ಅಂತಲ್ಲ. ಹೇಳೂಕೇ ಆಗೂದಿಲ್ಲ. ನೀವೇ ತಿಳ್ಕಣಿ. ಇಲ್ಲಿ ನನ್ನ ಎದುರಿಗೇ ಕೂತಿದೆ."

ಇಡಗುಂಜಿಯಲ್ಲಿ ಅವಳೆದುರು ಕೂತದ್ದು ಯಾರೆಂದು ನಿಮಗೂ ಹೊಳೆದಿರಬೇಕು. ದುರದೃಷ್ಟವಶಾತ್ ನನ್ನ ಹೆಸರೂ ಗಣಪತಿ. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ನನ್ನ ಆಯಿ ಸೊಸೆಗೆ ಹೇಳಿಕೊಟ್ಟಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷಗಳಿಂದ ನಾಗವೇಣಿಗೆ ನಾನು 'ಇವ್ರು', ಆ ದೇವರು 'ದೊಡ್ಡ ದೇವ್ರು'. ಚೌತಿಯಲ್ಲಿ ನಾವೆಲ್ಲ ಹೆಸರು ಹಿಡಿದು ಜೈಕಾರ ಹಾಕುವಾಗ ಅವಳು ಜೈ ಮಾತ್ರ ಅನ್ನುತ್ತಾಳೆ. ಜಗತ್ತಿನಲ್ಲಿ ಎಂದೆಂದೂ ತನ್ನ ಬಾಯಿಂದ ಹೊರಬೀಳದ ಮಾತು ಯಾವುದೆಂದು ಇರ್ಫಾನ್ ಕೇಳಿದಾಗ ಅವಳು ಯೋಚಿಸಬೇಕಾಗಿಯೇ ಇರಲಿಲ್ಲ.

ನನಗೆ ತಿಳಿದುಹೋಯಿತು. ಆದರೆ ತಿಳಿಯಲಿಲ್ಲವೆಂದೆ. ಒಂದೇ ಅವಕಾಶ ಉಳಿದಿದೆ, ಊಹೆಯ ಮೇಲೆ ಹುಡುಗಿಯರ ಹಾಡನ್ನು ಪಣಕ್ಕಿಡಲಾರೆ, ನೀನೇ ಬಾಯಿಬಿಟ್ಟು ಹೇಳಬೇಕು ಎಂದೆ. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಕಳ್ಳತನವೆಂದು ಒಪ್ಪಿಕೊಳ್ಳುತ್ತೇನೆ. ಊರಿಗೆಲ್ಲ ನಾನು ಮಾಸ್ತರು, ಮಗಳಿಗೆ ಅಪ್ಪ. ಆಯಿ ತೀರಿದ ಮೇಲೆ ನನ್ನನ್ನು ಬರೀ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ, ಮತ್ತು ನನಗೆ ಅದರ ಆಸೆಯಿತ್ತು.

"ಹುಡುಗ್ರು ನಿಂತ್ಕಂಡವ್ರಾ?" ಎಂದು ಕೇಳಿದಳು.

"ಆರೂ ಜನ."

ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಆ ಗದ್ದಲವನ್ನು ಮೀರಿಸಿ, ನನಗೆ ಕೇಳದೆ ಹೋದರೆ ಮತ್ತೊಮ್ಮೆ ಹೇಳಬೇಕಾದೀತೆಂಬ ಭಯದಿಂದ, ಒಂದೇ ಉಸಿರಿಗೆ ಕೂಗಿದಳು: "ಗಣಪತೀ!"

ಅವಳ ಸುತ್ತಲಿದ್ದ ಭಕ್ತರು ಅದು ದೇವರಿಗೇ ಎಂದುಕೊಂಡರು, ಹತ್ತಾರು ಕಂಠಗಳು ಅದೇ ಹೆಸರನ್ನು ಎತ್ತಿಕೊಂಡವು. ದಾಖಲೆಗಳು ಹನ್ನೆರಡಕ್ಕೆ ಮೊದಲೇ ಹೋದವು, ಹುಡುಗಿಯರು ಹಾಡಿದರು, ಅದೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ಮಾತ್ರ ನಾನು ಕೀಬೋರ್ಡಿನಿಂದ ಎರಡೂ ಕೈಗಳನ್ನು ಎತ್ತಿ, ಫೋನನ್ನು ಕಿವಿಗೆ ಒತ್ತಿಕೊಂಡು, "ಓ" ಎಂದೆ.