ವ್ಯಾನಿನ ಕಾಕಾ ಬಾರದ ಬೆಳಿಗ್ಗೆ

ಅವರ ಅಂಗಿಗಳೆಲ್ಲ ತೂತು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ಎದೆಯ ಭಾಗ ಜರಡಿಯಂತಾಗಿತ್ತು. ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ ಅರ್ಧ ಸವೆದಿತ್ತು. "ಹೊಸಾ ಅಂಗಿ ಹೊಲಿಸ್ರಿ ಕಾಕಾ" ಎಂದರೆ, "ಗಾಳಿ ಚಲೋ ಆಡತೈತಿ ಬಿಡ್ರಿ ಅಕ್ಕೋರ" ಎಂದು ನಗುತ್ತಿದ್ದರು. ಆ ನಗುವನ್ನು ನಂಬಿ ಕೆಟ್ಟೆ ಎಂದು ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ!

ಪಾಮನಕಲ್ಲೂರಿನ ಆಚೆ ಒಂದು ಹಳ್ಳಿ. ಲಿಂಗಸುಗೂರಿನಿಂದ ಬಂದ ನಾನು ಅಲ್ಲಿನ ಶಾಲೆಗೆ ಒಬ್ಬಳೇ ಟೀಚರು. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಿಗೆ ಸರ್ಕಾರ ಟೀವಿ ಕೊಟ್ಟ ಕಾಲ ಅದು. ನಮಗೂ ಒಂದು ಬಂತು, ಜೊತೆಗೆ ಕೋಳಿ ಜಾಳಿಗೆಯಿಂದ ಮಾಡಿದ, ಕೊಡೆಯಂಥ ದೊಡ್ಡ ಆಂಟೆನಾ. ಮುಂಜಾನೆ ಮಕ್ಕಳಿಗಾಗಿ ಸ್ವಲ್ಪ ಹೊತ್ತು ಕನ್ನಡದ ಕಾರ್ಯಕ್ರಮ ಇರುತ್ತಿತ್ತು. ಎಲ್ಲ ಸರಿ, ಊರಿಗೆ ಕರೆಂಟೇ ಇರಲಿಲ್ಲ! ಕಂಬ ನೆಟ್ಟು ಹೋದವರು ತಂತಿ ಎಳೆಯಲು ಬರಲೇ ಇಲ್ಲ. ನಡೆಯದ ಟೀವಿಯನ್ನು ಬೇರೆ ಊರಿಗೆ ಒಯ್ಯುತ್ತೇವೆ ಎಂದು ಮೇಲಿನಿಂದ ಕಾಗದ ಬೇರೆ ಬಂತು.

ಆಗ ಸಿಕ್ಕವರು ಕಾಕಾ. ಕಾಲುವೆ ಕೆಲಸದ ಹಳೆಯ ವ್ಯಾನು ಓಡಿಸುತ್ತಿದ್ದರು. ವ್ಯಾನೇ ಅವರ ಮನೆ: ಮಲಗಲು ಹಲಗೆ, ಒಂದು ಸ್ಟೋ, ಕಿಟಕಿಗೆ ತೀರಿಹೋದ ಹೆಂಡತಿಯ ಸೀರೆಯ ಪರದೆ. ಹಲಗೆಯ ಕೆಳಗೆ ಎರಡು ಬ್ಯಾಟರಿ, ಪಕ್ಕದಲ್ಲಿ ಅವರೇ ಜೋಡಿಸಿದ ತಗಡಿನ ಇನ್ವರ್ಟರ್. ಬ್ಯಾಟರಿಯ ಕರೆಂಟನ್ನು ಟೀವಿಗೆ ಒಗ್ಗಿಸುವ ಆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ದಿನಾ ಬೆಳಿಗ್ಗೆ ವ್ಯಾನನ್ನು ಶಾಲೆಯ ಗೋಡೆಗೆ ತಂದು ನಿಲ್ಲಿಸಿ, ಕಿಟಕಿಯಿಂದ ವೈರು ಒಳಗೆ ಬಿಡುವರು. ಕಾರ್ಯಕ್ರಮ ಮುಗಿದ ಮೇಲೆ ಎಂಜಿನ್ ಹಾಕಿ ಬ್ಯಾಟರಿ ತುಂಬಿಸುವರು. "ಹಾಲು ಹಿಂಡಿದ ಮ್ಯಾಲೆ ಎಮ್ಮಿಗಿ ಮೇವು ಹಾಕಬೇಕಲ್ರಿ" ಎನ್ನುವರು.

ಬದಲಿಗೆ ಊರಿನವರು ಸರದಿಯಂತೆ ದಿನಕ್ಕೊಂದು ಮನೆಯಿಂದ ರೊಟ್ಟಿ, ಪಲ್ಯ ಕೊಡುತ್ತಿದ್ದರು. ಒಳಗೆ ಬಂದು ಉಣ್ಣಿ ಎಂದು ಎಷ್ಟು ಕರೆದರೂ ಅವರು ಯಾರ ಹೊಸ್ತಿಲನ್ನೂ ತುಳಿಯಲಿಲ್ಲ. ವ್ಯಾನಿನಲ್ಲೇ ಉಂಡು ತಟ್ಟೆ ತಾವೇ ತೊಳೆಯುವರು. ಎಂಥ ಸಂಕೋಚದ ಮನುಷ್ಯ ಎಂದು ನಾವು ಮೆಚ್ಚಿಕೊಂಡೆವು.

ನಮ್ಮ ಶಾಲೆಯಲ್ಲಿ ಊರಾಚೆಯ ಕೇರಿಯ ಹನ್ನೊಂದು ಮಕ್ಕಳಿದ್ದರು. ನಾನು ಬರುವ ಮೊದಲಿನಿಂದಲೂ ಅವರು ಕೂರುತ್ತಿದ್ದುದು ಹೊರಗಿನ ಪಡಸಾಲೆಯಲ್ಲಿ. ಅಲ್ಲಿಂದ ಟೀವಿಯ ಮಾತು ಕೇಳುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ. ಕಾಕಾ ಎರಡು ಸಲ ಕೇಳಿದರು, "ಅಕ್ಕೋರ, ಆ ಹುಡುಗ್ರನ್ನ ಒಳಗ ಕುಂಡ್ರಿಸಬಾರದೇನ್ರಿ?" ನಾನು ಎರಡು ಸಲವೂ, "ಗೌಡ್ರಿಗೆ ಒಂದು ಮಾತು ಕೇಳ್ತೀನಿ ತಡೀರಿ ಕಾಕಾ" ಎಂದೆ. ಕೇಳಲಿಲ್ಲ. ನನಗೆ ವಯಸ್ಸು ಇಪ್ಪತ್ತೆರಡು, ಇದ್ದ ಮನೆ ಗೌಡರದು.

ಟೀವಿ ನೋಡಲು ರಾಯಚೂರಿನಿಂದ ಸಾಹೇಬರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಗೌಡರು ಶಾಲೆಗೇ ಬಂದರು. "ಹುಡುಗ್ರು ಹೊರಗ್ಯಾಕ ಕುಂತಾರ ಅಂತ ಸಾಹೇಬ್ರು ಕೇಳಿದ್ರ ಏನ್ ಹೇಳ್ತೀರಿ? ನಾಳಿಗಿ ಅವರು ಸಾಲಿಗೇ ಬರೋದು ಬ್ಯಾಡ." ನಾನು ಹೂಂ ಎಂದೆ. ಮಕ್ಕಳನ್ನು ಕರೆದು, "ನಾಳೆ ನಿಮಗೆ ಸೂಟಿ" ಎಂದು ಹೇಳಿದೆ. ಒಂದು ದಿನದ ಮಾತು ತಾನೆ!

ಮರುದಿನ ಸಾಹೇಬರು ಬಂದರು. ಗೌಡರು ಕುರ್ಚಿಯಲ್ಲಿ, ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಚಾಪೆಯ ಮೇಲೆ. ಕಾಕಾ ಬರಲಿಲ್ಲ. ಈಗ ಬಂದಾರು, ಇನ್ನೇನು ಬಂದಾರು ಎಂದು ನಾನು ಹತ್ತು ಸಲ ಬಾಗಿಲಿಗೆ ಹೋದೆ. ಕಾರ್ಯಕ್ರಮದ ಹೊತ್ತು ಮೀರಿತು. "ಹಾದ್ಯಾಗಿನಾಂವನ್ನ ನಂಬಿ ಊರ ಮಾನ ಕಳದ್ರಿ" ಎಂದು ಗೌಡರು ಎಲ್ಲರೆದುರು ಬೈದರು. ಸಾಹೇಬರು ಟೀವಿಯನ್ನು ಜೀಪಿಗೆ ಹಾಕಿಸಿದರು. ಮಕ್ಕಳು ಜೀಪಿನ ಹಿಂದೆ ಅಳುತ್ತ ಓಡಿದವು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಹತ್ತು ದಿನವಾದ ಮೇಲೆ ಸುದ್ದಿ ಬಂತು. ಟೀವಿ ಮಸ್ಕಿಯ ಆಚೆ ಕಾಲುವೆ ಕೂಲಿಗಳ ಕ್ಯಾಂಪಿನಲ್ಲಿದೆಯಂತೆ, ಕಾಕಾನ ವ್ಯಾನಿನಲ್ಲೇ ನಡೆಯುತ್ತಿದೆಯಂತೆ. ಸಾಹೇಬರಲ್ಲಿಗೆ ಹೋಗಿ ಕೇಳಿಕೊಂಡು ತಂದವರೂ ಅವರೇ ಅಂತೆ! ನನ್ನ ಮೈ ಉರಿದುಹೋಯಿತು. ನಮ್ಮ ರೊಟ್ಟಿ ತಿಂದು, ಉಂಡ ಮನೆಗೆ ಎರಡು ಬಗೆದ ಮನುಷ್ಯ! ಮುಖಕ್ಕೆ ಉಗಿದೇ ಬರುತ್ತೇನೆ ಎಂದು ಮರುದಿನ ಬೆಳಗಿನ ಮೊದಲ ಬಸ್ಸು ಹತ್ತಿದೆ.

ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗಿನಿಂದ ಗುಂಯ್ ಶಬ್ದ. ಕಾಕಾ ಕೆಳಗೆ ನಿಂತು ಬೀಡಿ ಸೇದುತ್ತಿದ್ದರು.

"ಮೋಸ ಮಾಡಿದ್ರಿ ಕಾಕಾ" ಎಂದೆ. ಬೇಡವೆಂದರೂ ಅಳು ಬಂತು.

"ಹೌದ್ರಿ, ಮಾಡೀನಿ" ಎಂದರು ಅವರು. "ಅವತ್ತ ನಿಮ್ಮೂರ ಬೇವಿನ ಗಿಡದ ತನಾ ಬಂದಿದ್ದೆ. ಗಿಡದ ಬುಡಕ ಹನ್ನೊಂದೂ ಹುಡುಗ್ರು ಕುಂತಿದ್ವು. ಯಾಕ ಸಾಲಿಗೆ ಹೋಗಿಲ್ಲ ಅಂದೆ. ಅಕ್ಕೋರು ಬರಬ್ಯಾಡ ಅಂದಾರ ಅಂದ್ವು. ಗೌಡ್ರು ಅಂದಿದ್ರ ಬ್ಯಾರೆ ಮಾತು. ನೀವು ಅಂದ್ರಲ್ಲ. ನಾನೂ ಹೊರಗ ಕುಂತು ಅಕ್ಷರ ಕಲ್ತಾಂವ್ರಿ ಅಕ್ಕೋರ. ಬ್ರೇಕಿನ ಮ್ಯಾಲಿಂದ ಕಾಲ ಎತ್ತಾಕ ಆಗಲಿಲ್ಲ."

ಅವರು ಯಾರ ಹೊಸ್ತಿಲನ್ನೂ ತುಳಿಯದೆ ಇದ್ದುದು ಯಾಕೆಂದು ಆಗ ತಿಳಿಯಿತು. ಆದರೂ ನಾನು ಸೋಲಲು ಸಿದ್ಧಳಿರಲಿಲ್ಲ. "ಅವರಿಗೂ ಮೋಸ ಆಯ್ತಲ್ಲ ಕಾಕಾ! ಹೊರಗಿಂದ ಮಾತಾದ್ರೂ ಕೇಳತಿದ್ವು, ಈಗ ಅದೂ ಇಲ್ಲ" ಎಂದೆ.

ಕಾಕಾ ಬೀಡಿ ಆರಿಸಿ ಪಕ್ಕಕ್ಕೆ ಸರಿದರು. ವ್ಯಾನಿನೊಳಗೆ, ಅವರ ಹಲಗೆಯ ಮೇಲೆ ಟೀವಿ. ಅದರ ಮುಂದೆ ಕ್ಯಾಂಪಿನ ಮಕ್ಕಳು. ಎಲ್ಲರಿಗಿಂತ ಮುಂದೆ ನನ್ನ ಹನ್ನೊಂದು ಮಕ್ಕಳು! ಹತ್ತು ದಿನದಿಂದ ಅವರನ್ನು ಕಾಕಾ ದಿನಾ ಬೆಳಿಗ್ಗೆ ಬೇವಿನ ಗಿಡದಿಂದ ಹತ್ತಿಸಿಕೊಂಡು ಬರುತ್ತಿದ್ದರು. ಹತ್ತು ದಿನದಿಂದ ನಾನು ಹಾಜರಿ ಪುಸ್ತಕದಲ್ಲಿ ಅವರನ್ನು ಗೈರು ಎಂದು ಬರೆಯುತ್ತಿದ್ದೆ. ಹತ್ತಿ ಬಿಡಿಸಲು ಹೋಗಿರಬೇಕು ಎಂದುಕೊಂಡೆ. ಯಾರನ್ನೂ ಕೇಳಿರಲಿಲ್ಲ.

ಆ ಹನ್ನೊಂದರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಿರುಗಿ ನೋಡಿದಳು. ಪಕ್ಕದವಳನ್ನು ಸರಿಸಿ ಚಾಪೆ ತಟ್ಟಿದಳು. "ಒಳಗ ಬರ್ರೀ ಅಕ್ಕೋರ, ಹೊರಗ್ಯಾಕ ನಿಂತೀರಿ?"

ಮುಂದಿನ ಸೋಮವಾರ ಆ ಹನ್ನೊಂದು ಮಕ್ಕಳನ್ನು ಶಾಲೆಯ ಒಳಗೆ ಕೂರಿಸಿದೆ. ಗೌಡರು ಮನೆ ಬಿಡಿಸಿದರು. ಊರಿನ ಅರ್ಧ ಮಕ್ಕಳು ಒಂದು ತಿಂಗಳು ಶಾಲೆಗೆ ಬರಲಿಲ್ಲ, ಆಮೇಲೆ ಬಂದವು. ಟೀವಿ ಮಾತ್ರ ಮತ್ತೆ ಬರಲಿಲ್ಲ. ಅದಕ್ಕಾಗಿ ಕಾಕಾನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಬೇವಿನ ಗಿಡದಿಂದ ಶಾಲೆಗೆ ಎಷ್ಟು ದೂರ? ಬಂದು ನನ್ನನ್ನು ಬೈಯಬಹುದಿತ್ತು.

ಎರಡು ವರ್ಷದ ಮೇಲೆ ಅವರು ಸಿಂಧನೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ತಂದವಳು ಆ ಎರಡು ಜಡೆಯ ಹುಡುಗಿಯೇ. ಪಾಠ ನಡೆಯುತ್ತಿತ್ತು. ಅವಳು ಪಡಸಾಲೆಯಲ್ಲಿ ನಿಲ್ಲಲಿಲ್ಲ, ಒಳಗೆ ಬರಲೇ ಎಂದು ಕೇಳಲೂ ಇಲ್ಲ. ನೇರ ನನ್ನ ಮೇಜಿನವರೆಗೆ ನಡೆದು ಬಂದು, "ವ್ಯಾನಿನ ಕಾಕಾ ಹೋದ್ರಂತ್ರೀ ಅಕ್ಕೋರ" ಎಂದಳು.